ತೋಟದ ಬೋರ್ಡಿನಿಂದ ಕ್ಲೌಡಿಗೆ: ಇಎಸ್‌ಪಿ32 ಅಳೆದದ್ದನ್ನು ಯಾವ ಡೇಟಾಬೇಸ್‌ನಲ್ಲಿ ಇಡಬೇಕು?

ಊರಿಂದ ಎರಡು ಕಿಲೋಮೀಟರ್ ದೂರದಲ್ಲಿ ಅಡಿಕೆ ತೋಟ. ಅಲ್ಲೊಂದು ಬೋರ್‌ವೆಲ್, ಸ್ಟಾರ್ಟರ್ ಪೆಟ್ಟಿಗೆ, ಹತ್ತು ಸಾವಿರ ಲೀಟರಿನ ತೊಟ್ಟಿ. ಮನೆಯಲ್ಲಿ ಕೂತೇ ಮೂರು ವಿಷಯ ತಿಳಿಯಬೇಕು: ಮೂರೂ ಫೇಸ್ ಬಂದಿದೆಯೇ, ತೊಟ್ಟಿಯಲ್ಲಿ ನೀರು ಎಷ್ಟಿದೆ, ಗಿಡದ ಬುಡದಲ್ಲಿ ತೇವ ಉಳಿದಿದೆಯೇ. ಅಳೆಯುವ ಕೆಲಸಕ್ಕೆ, ವೈಫೈ ಇರುವ ಪುಟ್ಟ ಕಂಪ್ಯೂಟರಿನಂಥ ಒಂದು ಇಎಸ್‌ಪಿ32 ಬೋರ್ಡ್ ಸಾಕು. ತಲೆನೋವು ಶುರುವಾಗುವುದು ಅಳೆದದ್ದನ್ನು ಎಲ್ಲಿಗೆ ಕಳಿಸಬೇಕು, ಎಲ್ಲಿ ಇಡಬೇಕು ಎಂಬಲ್ಲಿ.

ಡೇಟಾ ಬರುತ್ತಿರುವಷ್ಟು ದಿನ ಎಲ್ಲ ಸೇವೆಗಳೂ ಒಂದೇ ಥರ ಚೆನ್ನಾಗಿ ಕಾಣುತ್ತವೆ. ಅವುಗಳ ಗುಣ ಗೊತ್ತಾಗುವುದು ಡೇಟಾ ನಿಂತಾಗ. ಹಳ್ಳಿಯಲ್ಲಿ ಕರೆಂಟ್ ಹೋದರೆ ರೂಟರ್ ಕೂಡ ಹೋಗುತ್ತದೆ. ಬೋರ್ಡ್ ಮೌನವಾಗುತ್ತದೆ, ಆದರೆ ಫೋನಿನಲ್ಲಿ ಬೆಳಗ್ಗಿನ ‘ತೊಟ್ಟಿ 80%’ ಹಾಗೇ ನಿಂತಿರುತ್ತದೆ. ಅದನ್ನು ನಂಬಿ ತೋಟಕ್ಕೆ ಹೋಗದೆ ಉಳಿದರೆ ಗಿಡ ಒಣಗುತ್ತದೆ. ಹಾಗಾಗಿ ಪ್ರತಿ ಸೇವೆಗೂ ಇಲ್ಲಿ ಎರಡು ಪ್ರಶ್ನೆ ಕೇಳಿದ್ದೇವೆ. ನೆಟ್ ಇಲ್ಲದಾಗ ಅಳೆದದ್ದನ್ನು ಆಮೇಲೆ ಕಳಿಸಿದರೆ ಅದು ಸರಿಯಾದ ಸಮಯಕ್ಕೆ, ಎರಡೆರಡು ಸಲ ಅಲ್ಲದೆ ಒಂದೇ ಸಲ ಬೀಳುತ್ತದೆಯೇ? ಬೋರ್ಡ್ ಸುಮ್ಮನಾಗಿದೆ ಎಂದು ಯಾರು ಹೇಳುತ್ತಾರೆ?

ಮೊದಲು ಲೆಕ್ಕ

ಐದು ನಿಮಿಷಕ್ಕೊಮ್ಮೆ ಅಳೆದರೆ ದಿನಕ್ಕೆ 288 ಸಾಲು, ವರ್ಷಕ್ಕೆ 1,05,120. ಒಂದು ಸಾಲಿನಲ್ಲಿ ಸಮಯ, ಬೋರ್ಡಿನ ಹೆಸರು, ನಾಲ್ಕು ಅಂಕಿ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್‌ನಲ್ಲಿ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಸೇರಿ ವರ್ಷಕ್ಕೆ ಹತ್ತು ಹದಿನೈದು ಎಂಬಿ ಆದೀತು. ಅಂದರೆ ಒಂದೆರಡು ಬೋರ್ಡ್ ಇರುವವರಿಗೆ ಜಾಗದ ಚಿಂತೆ ಇಲ್ಲ. ಉಚಿತ ಖಾತೆ ಯಾವುದಾದರೂ ಸಾಕು. ‘ಎಷ್ಟು ಜಿಬಿ ಕೊಡುತ್ತಾರೆ’ ಎಂದು ಹೋಲಿಸಿ ಸೇವೆ ಆರಿಸುವುದು ಇಲ್ಲಿ ದಾರಿ ತಪ್ಪಿಸುತ್ತದೆ.

ಎರಡು ಸೆಕೆಂಡಿಗೊಮ್ಮೆ ಕಳಿಸಬೇಕು ಎನ್ನುವವರು ಸ್ವಲ್ಪ ಯೋಚಿಸಿ. ತೊಟ್ಟಿಯ ನೀರು ಎರಡು ಸೆಕೆಂಡಿನಲ್ಲಿ ಬದಲಾಗುವುದಿಲ್ಲ. ಫೇಸ್ ಬಂತು, ಹೋಯಿತು ಎಂಬಂಥ ಘಟನೆಯನ್ನು ಆದ ತಕ್ಷಣ ಕಳಿಸಿ. ಉಳಿದದ್ದಕ್ಕೆ ಐದು ನಿಮಿಷ, ಮಣ್ಣಿನ ತೇವಕ್ಕೆ ಅರ್ಧ ಗಂಟೆಯೂ ನಡೆಯುತ್ತದೆ.

ಬೋರ್ಡ್ ಯಾವುದು

ಹೊಸದಾಗಿ ಕೊಳ್ಳುವವರಿಗೆ ನಮ್ಮ ಮಾತು ಒಂದೇ: ಇಎಸ್‌ಪಿ32. ಮನೆಯಲ್ಲಿ ಹಳೆಯ ನೋಡ್‌ಎಂಸಿಯು, ಅಂದರೆ ಇಎಸ್‌ಪಿ8266 ಇದ್ದರೆ ಒಂದೇ ಅಳತೆಯ ಸಣ್ಣ ಕೆಲಸಕ್ಕೆ ಬಳಸಬಹುದು. ಅದರಲ್ಲಿ ಅನಲಾಗ್ ಪಿನ್ ಒಂದೇ. ಎಚ್‌ಟಿಟಿಪಿಎಸ್ (ಗೂಢಲಿಪಿಯ ವೆಬ್) ಸಂಪರ್ಕಕ್ಕೆ ಬೇಕಾಗುವ ಬಫರ್ (ತಾತ್ಕಾಲಿಕ ಮೆಮೊರಿ) 16 ಕೆಬಿಗೂ ಮೇಲೆ ಹೋಗುತ್ತದೆ. ಇರುವ ಖಾಲಿ ಮೆಮೊರಿಯೇ 40 ಕೆಬಿ ಆಸುಪಾಸಾದ್ದರಿಂದ ಎರಡು ಮೂರು ದಿನ ಓಡಿ ರೀಸೆಟ್ ಆಗುವುದು ಮಾಮೂಲು. ರಾಸ್ಪ್‌ಬೆರಿ ಪೈ ಕಂಪನಿಯ ಪೈಕೋ ಡಬ್ಲ್ಯೂ ಒಳ್ಳೆಯ ಬೋರ್ಡ್. ಮೈಕ್ರೋಪೈಥಾನ್ ಬಲ್ಲವರು ಧೈರ್ಯವಾಗಿ ಹಿಡಿಯಬಹುದು. ಆರ್ಡುಯಿನೋ ಊನೋದ ಹಳೆಯ ಮಾದರಿಗಳಲ್ಲಿ ವೈಫೈ ಇಲ್ಲ. ಅದಕ್ಕೆ ಇಎಸ್‌ಪಿ-01 ತಗುಲಿಸಿ ಎಟಿ ಕಮಾಂಡ್ ಕಳಿಸುತ್ತ ಒದ್ದಾಡುವ ಬದಲು ಇಎಸ್‌ಪಿ32 ಒಂದನ್ನು ತರುವುದೇ ಮೇಲು.

ಇಎಸ್‌ಪಿ32ರಲ್ಲಿ ಹೊಸಬರು ತಪ್ಪದೆ ಬೀಳುವ ಗುಂಡಿ ಒಂದಿದೆ. ಮಣ್ಣಿನ ಸೆನ್ಸರನ್ನು 25, 26 ಅಥವಾ 27ನೇ ಪಿನ್ನಿಗೆ ಕೊಟ್ಟು ಪರೀಕ್ಷಿಸುತ್ತಾರೆ, ಅಂಕಿ ಸರಿಯಾಗಿ ಬರುತ್ತದೆ. ವೈಫೈ ಕೋಡ್ ಸೇರಿಸಿದ ಮರುಕ್ಷಣ ಅಂಕಿ ಕೈಕೊಡುತ್ತದೆ. ಸೆನ್ಸರ್ ಕೆಟ್ಟಿತೆಂದು ಇನ್ನೊಂದು ತರುತ್ತಾರೆ, ಅದೂ ಹಾಗೇ. ಆ ಪಿನ್ನುಗಳು ಎಡಿಸಿ2ಕ್ಕೆ, ಅಂದರೆ ವೋಲ್ಟೇಜನ್ನು ಅಂಕಿಯಾಗಿಸುವ ಎರಡನೆಯ ಘಟಕಕ್ಕೆ ಸೇರಿದವು. ವೈಫೈ ಓಡುವಾಗ ಆ ಭಾಗವನ್ನು ವೈಫೈಯೇ ಹಿಡಿದುಕೊಳ್ಳುತ್ತದೆ. ಅನಲಾಗ್ ಸೆನ್ಸರ್‌ಗಳನ್ನು 32ರಿಂದ 39ರವರೆಗಿನ ಪಿನ್ನುಗಳಿಗೇ ಕೊಡಿ.

ತೊಟ್ಟಿಗೆ ಜೆಎಸ್‌ಎನ್-ಎಸ್‌ಆರ್04ಟಿ ಎಂಬ ನೀರು ತಾಗಿದರೂ ಕೆಡದ ಅಲ್ಟ್ರಾಸಾನಿಕ್ ಸೆನ್ಸರ್ ಬಳಕೆಯಲ್ಲಿದೆ. 20-25 ಸೆಂಟಿಮೀಟರಿಗಿಂತ ಹತ್ತಿರ ಬಂದದ್ದು ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ತೊಟ್ಟಿ ತುಂಬಿದಾಗಿನ ನೀರಿನ ಮಟ್ಟಕ್ಕಿಂತ ಕನಿಷ್ಠ 25 ಸೆಂ.ಮೀ. ಮೇಲೆ ಕೂರಿಸಿ. ಇಲ್ಲವಾದರೆ ತೊಟ್ಟಿ ತುಂಬಿದಾಗಲೇ ಹುಚ್ಚು ಅಂಕಿಗಳು ಬರುತ್ತವೆ. 5 ವೋಲ್ಟಿನಲ್ಲಿ ಓಡಿಸುವಾಗ ಅದರ ಎಕೋ ತಂತಿಯಲ್ಲಿ 5 ವೋಲ್ಟ್ ಬರುತ್ತದೆ. ಇಎಸ್‌ಪಿ32ರ ಪಿನ್ನಿಗೆ ತಡೆಯುವುದು 3.3 ಮಾತ್ರ. 1 ಕಿಲೋಓಮ್, 2 ಕಿಲೋಓಮ್ ರೆಸಿಸ್ಟರ್ ಹಾಕಿ ಇಳಿಸಿಕೊಳ್ಳಿ. ಐದು ಸಲ ಅಳೆದು ನಡುವಿನ ಅಂಕಿಯನ್ನು ಮಾತ್ರ ಕಳಿಸಿ. ಸರಾಸರಿ ಬೇಡ, ಒಂದು ಕೆಟ್ಟ ಅಂಕಿ ಸರಾಸರಿಯನ್ನೇ ಕೆಡಿಸುತ್ತದೆ.

ಫೇಸ್ ನೋಡಲು ಪ್ರತಿ ಫೇಸಿಗೂ ಒಂದೊಂದು ಒಳ್ಳೆಯ 5 ವೋಲ್ಟಿನ ಮೊಬೈಲ್ ಚಾರ್ಜರ್ ಹಾಕಿ, ಅದರ ಔಟ್‌ಪುಟ್ಟನ್ನು ಇಳಿಸಿ ಬೋರ್ಡಿನ ಪಿನ್ನಿಗೆ ಕೊಡುವುದು ಸುಲಭದ ಉಪಾಯ. 230 ವೋಲ್ಟಿನ ಭಾಗ ಚಾರ್ಜರಿನ ಒಳಗೇ ಉಳಿಯುತ್ತದೆ. ಸ್ಟಾರ್ಟರ್ ಪೆಟ್ಟಿಗೆಯೊಳಗೆ ಕೈ ಹಾಕುವ ಕೆಲಸ ಮಾತ್ರ ವೈರ್‌ಮನ್‌ನಿಂದಲೇ ಮಾಡಿಸಿ.

ತೋಟದಿಂದ ನೆಟ್‌ವರೆಗೆ

ತೋಟದ ಮನೆಯಲ್ಲೇ ವೈಫೈ ಇದ್ದರೆ ಮಾತು ಮುಗಿಯಿತು. ಆದರೆ ಇಎಸ್‌ಪಿ32ಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಕಾಣುತ್ತದೆ. ರೂಟರ್ 5 ಗಿಗಾಹರ್ಟ್ಸ್ ಮಾತ್ರ ಕೊಡುವಂತೆ ಇಟ್ಟಿದ್ದರೆ ಬೋರ್ಡ್ ಹುಡುಕುತ್ತಲೇ ಇರುತ್ತದೆ.

ವೈಫೈ ಇಲ್ಲದಿದ್ದರೆ ಸಿಮ್. ಅಗ್ಗವೆಂದು ಸಿಮ್800ಎಲ್ ಮಾಡ್ಯೂಲ್ ತರಬೇಡಿ. ಅದು 2ಜಿ ಮಾತ್ರ. ಜಿಯೋಗೆ 2ಜಿ ಜಾಲವೇ ಇಲ್ಲ. ಸಿಗ್ನಲ್ ಹುಡುಕುವಾಗ ಅದು ಕ್ಷಣಮಾತ್ರಕ್ಕೆ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಯುಎಸ್‌ಬಿಯಿಂದ ಕೊಟ್ಟ ಕರೆಂಟ್ ಸಾಲದೆ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಅದರೊಳಗಿನ ಎಚ್‌ಟಿಟಿಪಿಎಸ್ ಕೂಡ ಹಳೆಯ ಕಾಲದ್ದು, ಇಂದಿನ ಸರ್ವರ್‌ಗಳು ಬಾಗಿಲು ತೆರೆಯುವುದಿಲ್ಲ. 4ಜಿಯ ಎ7670 ಸರಣಿಯ ಮಾಡ್ಯೂಲಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಡಿ. ಪ್ರತಿ ಸಲ ಹೊಸ ಎಚ್‌ಟಿಟಿಪಿಎಸ್ ಸಂಪರ್ಕ ಮಾಡಿದರೆ ಕೀಲಿ ವಿನಿಮಯಕ್ಕೇ ಸುಮಾರು 5-6 ಕೆಬಿ ಹೋಗುತ್ತದೆ. ನಮ್ಮ ಅಳತೆ ಇರುವುದು ನೂರು ಬೈಟ್. ದಿನಕ್ಕೆ 288 ಸಲವೆಂದರೆ ತಿಂಗಳಿಗೆ ಸುಮಾರು 50 ಎಂಬಿ, ಸಣ್ಣ ಡೇಟಾ ಪ್ಯಾಕ್‌ನಲ್ಲಿ ನಿಭಾಯಿಸುತ್ತದೆ.

ಮೂರನೆಯದು ಲೋರಾ, ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ರೇಡಿಯೊ: ತೋಟದಲ್ಲೊಂದು ಬೋರ್ಡ್, ಮನೆಯ ಮಾಳಿಗೆಯಲ್ಲೊಂದು. ಭಾರತದಲ್ಲಿ ಪರವಾನಗಿ ಇಲ್ಲದೆ ಇದಕ್ಕೆ ಬಳಸುವ ತರಂಗಪಟ್ಟಿ 865-868 ಮೆಗಾಹರ್ಟ್ಸ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಆರ್‌ಎ-02 ಮಾಡ್ಯೂಲ್ 433 ಮೆಗಾಹರ್ಟ್ಸ್‌ನದು. ಕೇಳಬೇಕಾದದ್ದು ಆರ್‌ಎ-01ಎಚ್. ಪೆಟ್ಟಿಗೆಯ ಮೇಲೆ ಬರೆದಷ್ಟು ದೂರ ಮರಗಳ ನಡುವೆ ಸಿಗುವುದಿಲ್ಲ. ಆಂಟೆನಾವನ್ನು ಎತ್ತರಕ್ಕೆ ಕಟ್ಟಿದಷ್ಟೂ ಲಾಭ.

ಇನ್ನು ಡೇಟಾಬೇಸ್‌ಗಳು

ಮುಂದೆ ಹೇಳುವ ಉಚಿತ ಮಿತಿಗಳನ್ನು ಆಯಾ ಕಂಪನಿಗಳು ಬದಲಿಸುತ್ತಿರುತ್ತವೆ. ಖಾತೆ ತೆರೆಯುವ ದಿನ ಒಮ್ಮೆ ನೋಡಿಕೊಳ್ಳಿ.

*ಗೂಗಲ್ ಶೀಟ್ಸ್.* ಇದು ಡೇಟಾಬೇಸೇ ಅಲ್ಲ ಎಂದು ತಿಳಿದವರು ಮೂಗು ಮುರಿಯುತ್ತಾರೆ. ಆದರೆ ಒಂದು ತೋಟ, ಒಂದು ಬೋರ್ಡ್, ನೋಡುವವರು ಅಪ್ಪ ಮತ್ತು ಮಗ ಎಂದಾದರೆ ಇದು ಸಾಕಷ್ಟು ದೂರ ಬರುತ್ತದೆ. ಒಂದು ಶೀಟಿಗೆ ಒಂದು ಕೋಟಿ ಕೋಶಗಳ ಮಿತಿ. ಆರು ಕಾಲಂ ಇದ್ದರೆ ವರ್ಷಕ್ಕೆ ಆರು ಲಕ್ಷ ಮೂವತ್ತು ಸಾವಿರ. ಮಿತಿ ಮುಟ್ಟುವ ಮೊದಲೇ ಶೀಟ್ ತೆರೆಯುವುದು ನಿಧಾನವಾಗುತ್ತದೆ, ಆದ್ದರಿಂದ ವರ್ಷಕ್ಕೊಂದು ಹೊಸ ಶೀಟ್ ಮಾಡಿ. ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ (ಶೀಟಿನ ಜೊತೆಗೇ ಬರುವ ಕೋಡ್ ಬರೆಯುವ ಜಾಗ) ಹತ್ತು ಹದಿನೈದು ಸಾಲಿನ ಕೋಡ್ ಬರೆದು ವೆಬ್ ಆ್ಯಪ್ ಆಗಿ ಡಿಪ್ಲಾಯ್ ಮಾಡಿದರೆ ಬೋರ್ಡ್ ನೇರವಾಗಿ ಅದಕ್ಕೆ ಪೋಸ್ಟ್ ಮಾಡಬಹುದು.

ಇಲ್ಲಿ ಎಡವುವುದು ಉತ್ತರದ ವಿಷಯದಲ್ಲಿ. ಗೂಗಲ್ ನೇರ ಉತ್ತರ ಕೊಡದೆ 302 ಎಂಬ ಸಂಖ್ಯೆ ಕಳಿಸಿ ಇನ್ನೊಂದು ವಿಳಾಸಕ್ಕೆ ಹೋಗೆನ್ನುತ್ತದೆ. 302 ಬಂದರೆ ಕೆಲಸ ಆಯಿತೆಂದು ಕೆಲವರು ಕೋಡ್‌ನಲ್ಲಿ ಬರೆದುಬಿಡುತ್ತಾರೆ. ಅನುಮತಿ ಇಲ್ಲದೆ ಲಾಗಿನ್ ಪುಟಕ್ಕೆ ಅಟ್ಟುವಾಗಲೂ ಬರುವುದು ಅದೇ 302. ಆ ಮರುದಾರಿಯನ್ನು ಕೊನೆವರೆಗೆ ಹಿಂಬಾಲಿಸಿ, ನಿಮ್ಮ ಸ್ಕ್ರಿಪ್ಟ್ ಕಳಿಸಿದ ‘ಸರಿ’ ಎಂಬ ಪದ ಓದಿದ ಮೇಲೆಯೇ ಸಾಲು ಬಿತ್ತೆಂದು ಎಣಿಸಿ. ಇದರ ಮತ್ತೊಂದು ಮುಖ: ಸಾಲು ಬಿದ್ದಿದೆ, ಮರುದಾರಿಯಲ್ಲಿ ನೆಟ್ ಕಡಿದಿದೆ, ಬೋರ್ಡ್ ಮತ್ತೆ ಕಳಿಸುತ್ತದೆ, ಸಾಲು ಎರಡಾಗುತ್ತದೆ. ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಕೊನೆಯ ಐನೂರು ಸಾಲಿನ ಸಮಯ ನೋಡಿ, ಅದೇ ಸಮಯ ಇದ್ದರೆ ಬರೆಯದೆ ‘ಸರಿ’ ಎನ್ನುವಂತೆ ಮಾಡಿ. ಕೋಡ್ ತಿದ್ದಿದ ಮೇಲೆ ಹೊಸ ವರ್ಷನ್ ಡಿಪ್ಲಾಯ್ ಮಾಡದಿದ್ದರೆ ಹಳೆಯದೇ ಓಡುತ್ತಿರುತ್ತದೆ, ಅದನ್ನೂ ಮರೆಯಬೇಡಿ.

ಮೌನ ಹಿಡಿಯುವುದರಲ್ಲಿ ಶೀಟ್ಸ್ ಎಲ್ಲರಿಗಿಂತ ಸುಲಭ. ಅದೇ ಸ್ಕ್ರಿಪ್ಟಿಗೆ ಹದಿನೈದು ನಿಮಿಷಕ್ಕೊಮ್ಮೆ ಓಡುವ ಟ್ರಿಗರ್ ಹಾಕಿ; ಕೊನೆಯ ಸಾಲು ಇಪ್ಪತ್ತು ನಿಮಿಷಕ್ಕಿಂತ ಹಳತಾಗಿದ್ದರೆ ಮೇಲ್ ಅಥವಾ ಟೆಲಿಗ್ರಾಂ ಬಾಟ್‌ಗೆ ಸಂದೇಶ. ದುಡ್ಡು ಬೇಡ, ಕಾರ್ಡ್ ಬೇಡ.

*ಥಿಂಗ್‌ಸ್ಪೀಕ್.* ಮ್ಯಾಟ್‌ಲ್ಯಾಬ್ ಮಾಡುವ ಮ್ಯಾಥ್‌ವರ್ಕ್ಸ್ ಕಂಪನಿಯದು. ಅರ್ಧ ಗಂಟೆಯಲ್ಲಿ ಗ್ರಾಫ್ ಸಮೇತ ಕೆಲಸ ಶುರು. ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಇದೇ ಹೆಚ್ಚು ಕಾಣುವುದಕ್ಕೆ ಕಾರಣವೂ ಅದೇ. ಒಂದು ಚಾನೆಲ್ಲಿಗೆ ಎಂಟು ಫೀಲ್ಡ್, ವರ್ಷಕ್ಕೆ 30 ಲಕ್ಷ ಸಂದೇಶ, ವ್ಯಾಪಾರಕ್ಕಲ್ಲದ ಬಳಕೆಗೆ ಉಚಿತ. ನಮ್ಮ ದಿನಕ್ಕೆ 288ರ ಮುಂದೆ ಅದು ಧಾರಾಳ.

ತೊಡಕು 15 ಸೆಕೆಂಡಿನದು. ಉಚಿತ ಖಾತೆಯಲ್ಲಿ ಎರಡು ಬರಹಗಳ ನಡುವೆ ಅಷ್ಟು ಅಂತರ ಇರಲೇಬೇಕು. ಐದು ನಿಮಿಷದ ಅಳತೆ ಈಗಷ್ಟೇ ಹೋಗಿದೆ, ಮೂರು ಸೆಕೆಂಡಿಗೆ ಫೇಸ್ ಹೋಯಿತು. ಆ ಎರಡನೆಯ ಸಂದೇಶವೇ ಬಿದ್ದುಹೋಗುತ್ತದೆ. ಸರ್ವರ್ ಆಗಲೂ 200 (ಸರಿಹೋಯಿತು) ಎಂದೇ ಹೇಳುತ್ತದೆ, ಒಳಗಿನ ಉತ್ತರದಲ್ಲಿ ಮಾತ್ರ ‘0’ ಎಂದಿರುತ್ತದೆ. 200 ನೋಡಿ ಸುಮ್ಮನಾಗುವ ಕೋಡ್‌ಗೆ ಇದು ಗೊತ್ತೇ ಆಗುವುದಿಲ್ಲ. ಉತ್ತರದ ಒಳಗಿನ ಅಂಕಿ ಸೊನ್ನೆಗಿಂತ ದೊಡ್ಡದಿದೆಯೇ ನೋಡಿ. ಸೊನ್ನೆ ಬಂದರೆ 16 ಸೆಕೆಂಡ್ ಕಾದು ಮತ್ತೆ ಕಳಿಸಿ. ನೆಟ್ ಬಂದ ಮೇಲೆ ಹಳೆಯದನ್ನು ಒಟ್ಟಿಗೆ ಕಳಿಸಲು ಬಲ್ಕ್ ಅಪ್‌ಡೇಟ್ ಇದೆ, ಉಚಿತ ಖಾತೆಯಲ್ಲಿ ಒಂದು ಸಲಕ್ಕೆ 960 ಸಾಲು, ಪ್ರತಿಯೊಂದಕ್ಕೂ ಅದರದೇ ಸಮಯ. ಅಂದರೆ ಮೂರು ದಿನದ ಬಾಕಿ ಒಂದೇ ಏಟಿಗೆ. ಡೇಟಾ ಬಾರದಿದ್ದರೆ ಎಚ್ಚರಿಸಲು ರಿಯಾಕ್ಟ್ ಎಂಬ ಸೌಲಭ್ಯದಲ್ಲೇ ವ್ಯವಸ್ಥೆ ಇದೆ. ಎಂಟು ಫೀಲ್ಡಿನ ಚೌಕಟ್ಟಿಗೆ ಹೊಂದದ ಕೆಲಸ ಬಂದಾಗ ಮಾತ್ರ ಇದು ಇಕ್ಕಟ್ಟೆನಿಸುತ್ತದೆ.

*ಫೈರ್‌ಬೇಸ್.* ಫೋನಿನಲ್ಲಿ ಅಂಕಿ ಕಣ್ಣೆದುರೇ ಬದಲಾಗಬೇಕು, ಮನೆಯಿಂದಲೇ ಮೋಟರ್ ಆನ್ ಮಾಡಬೇಕು, ಸ್ವಂತ ಆ್ಯಪ್ ಬರೆಯಬೇಕು ಎಂದಿದ್ದರೆ ಫೈರ್‌ಬೇಸ್ ರಿಯಲ್‌ಟೈಮ್ ಡೇಟಾಬೇಸಿಗೆ ಸಾಟಿ ಕಡಿಮೆ. ಉಚಿತ ಯೋಜನೆಯಲ್ಲಿ 1 ಜಿಬಿ ಜಾಗ, ತಿಂಗಳಿಗೆ 10 ಜಿಬಿ ಡೌನ್‌ಲೋಡ್, ಒಂದೇ ಹೊತ್ತಿಗೆ 100 ಸಂಪರ್ಕ.

ಇಲ್ಲಿ ಕಾಲು ಜಾರುವುದು ಆ 10 ಜಿಬಿಯಲ್ಲಿ. ಎಲ್ಲ ಅಳತೆಯನ್ನೂ ಒಂದೇ ಕೊಂಬೆಯಡಿ ಪೇರಿಸಿ, ಆ್ಯಪ್ ತೆರೆದಾಗಲೆಲ್ಲ ಆ ಕೊಂಬೆಯನ್ನೇ ಓದುವಂತೆ ಬರೆದರೆ, ಸಾಲಿಗೆ 80 ಬೈಟ್ ಎಂದರೂ ವರ್ಷದ ಕೊನೆಗೆ ಒಂದು ಸಲ ತೆರೆದರೆ 8.4 ಎಂಬಿ ಇಳಿಯುತ್ತದೆ. ಸುಮಾರು 1,190 ಸಲ ತೆರೆದರೆ ತಿಂಗಳ ಪಾಲು ಮುಗಿಯಿತು. ನಾಲ್ಕು ಜನ ದಿನಕ್ಕೆ ಹತ್ತು ಸಲ ನೋಡಿದರೆ ಅಷ್ಟಾಗುತ್ತದೆ. ಬದಲಿಗೆ ಎರಡು ಕೊಂಬೆ ಮಾಡಿ. ‘ಈಗ’ ಎಂಬುದರಲ್ಲಿ ಕೊನೆಯ ಅಳತೆ ಮಾತ್ರ, ಪ್ರತಿ ಸಲ ಅದರ ಮೇಲೇ ಬರೆಯುವುದು. ‘ಹಿಂದಿನದು’ ಎಂಬುದರಲ್ಲಿ ದಿನಾಂಕದ ಹೆಸರಿನ ಕೊಂಬೆಗಳು, ಅವುಗಳಡಿ ಸಾಲುಗಳು. ಗ್ರಾಫಿಗೆ ಬೇಕಾದ ದಿನದ್ದನ್ನು ಮಾತ್ರ ಓದಿ.

ಸಾಲಿನ ಕೀಲಿಯಾಗಿ ಫೈರ್‌ಬೇಸ್ ತಾನೇ ಹುಟ್ಟಿಸುವ ಉದ್ದದ ಅಕ್ಷರಮಾಲೆ ಬೇಡ, ಅಳೆದ ಸಮಯವನ್ನೇ ಸೆಕೆಂಡುಗಳ ಸಂಖ್ಯೆಯಾಗಿ ಕೊಡಿ, ಹೊಸದಾಗಿ ಸೇರಿಸುವ ಪೋಸ್ಟ್ ಬದಲು ಅದೇ ಜಾಗದ ಮೇಲೆ ಬರೆಯುವ ಪುಟ್ ಬಳಸಿ. ಆಗ ಅದೇ ಸಾಲನ್ನು ಹತ್ತು ಸಲ ಕಳಿಸಿದರೂ ಒಂದೇ ಸಾಲಾಗಿ ಉಳಿಯುತ್ತದೆ. ಮೊದಲ ಪ್ರಶ್ನೆಗೆ ಇಷ್ಟು ಸರಳವಾದ ಉತ್ತರ ಬೇರೆ ಕಡೆ ಸಿಗುವುದು ಅಪರೂಪ.

ಎರಡನೆಯ ಪ್ರಶ್ನೆಗೆ ಫೈರ್‌ಬೇಸ್ ಸೋಲುತ್ತದೆ. ಹೊತ್ತಿಗೊಮ್ಮೆ ಎದ್ದು ‘ಬೋರ್ಡ್ ಮಾತಾಡಿದೆಯೇ’ ಎಂದು ನೋಡುವ ಫಂಕ್ಷನ್ ಬೇಕೆಂದರೆ ಕಾರ್ಡ್ ಕೊಟ್ಟು, ಬಳಸಿದಷ್ಟಕ್ಕೆ ದುಡ್ಡು ಕೊಡುವ ಬ್ಲೇಜ್ ಯೋಜನೆಗೆ ಹೋಗಬೇಕು. ಕಾರ್ಡ್ ಬೇಡವೆನ್ನುವವರು ಆ್ಯಪ್ಸ್ ಸ್ಕ್ರಿಪ್ಟ್‌ನಿಂದ ‘ಈಗ’ ಕೊಂಬೆಯನ್ನು ಓದಿಸಿ ಅದರಿಂದಲೇ ಸಂದೇಶ ಕಳಿಸಬಹುದು. ಎರಡು ಸೇವೆ ಬೆರೆಸುವುದರಲ್ಲಿ ತಪ್ಪೇನಿಲ್ಲ.

ಹಾಗೆಯೇ, ‘ಟೆಸ್ಟ್ ಮೋಡ್’ ಆರಿಸಿ ಶುರು ಮಾಡಿದರೆ ಆ ಸಡಿಲ ನಿಯಮ 30 ದಿನಕ್ಕೆ ಮುಗಿಯುತ್ತದೆ. ತಿಂಗಳು ಸರಿಯಾಗಿ ಓಡಿ ಒಂದು ಬೆಳಗ್ಗೆ 401 (ಅನುಮತಿ ಇಲ್ಲ) ಬರತೊಡಗಿದರೆ ಬೋರ್ಡ್ ಬಿಚ್ಚಬೇಡಿ, ನಿಯಮದ ಪುಟ ನೋಡಿ. ಪ್ರತಿ ಬೋರ್ಡಿಗೂ ಒಂದು ಇಮೇಲ್-ಪಾಸ್‌ವರ್ಡ್ ಖಾತೆ ಮಾಡಿ, ಅದರ ಕೊಂಬೆಗೆ ಅದಷ್ಟೇ ಬರೆಯುವಂತೆ ನಿಯಮ ಬರೆಯುವುದು ಸರಿಯಾದ ದಾರಿ. ಆ ಖಾತೆಯ ಟೋಕನ್ ಆಯುಸ್ಸು ಒಂದು ಗಂಟೆ. ನವೀಕರಿಸುವ ಕೋಡ್ ಇಲ್ಲದಿದ್ದರೆ ಬೋರ್ಡ್ ಒಂದು ಗಂಟೆ ಓಡಿ ನಿಲ್ಲುತ್ತದೆ.

*ಸುಪಾಬೇಸ್.* ಒಳಗಿರುವುದು ಪೋಸ್ಟ್‌ಗ್ರೆಸ್. ‘ಕಳೆದ ತಿಂಗಳು ಮೂರು ಫೇಸ್ ಒಟ್ಟು ಎಷ್ಟು ಗಂಟೆ ಬಂತು, ಯಾವ ದಿನ ಅತಿ ಕಡಿಮೆ’ ಎಂದು ಎಸ್‌ಕ್ಯೂಎಲ್‌ನಲ್ಲಿ ಕೇಳಬಲ್ಲವರಿಗೆ ಇದೇ ನಮ್ಮ ಮೊದಲ ಆಯ್ಕೆ. ಇಂಥ ಪ್ರಶ್ನೆಗೆ ಫೈರ್‌ಬೇಸ್‌ನಲ್ಲಿ ಎಲ್ಲ ಸಾಲು ಇಳಿಸಿಕೊಂಡು ನೀವೇ ಎಣಿಸಬೇಕು. ಉಚಿತ ಯೋಜನೆಯಲ್ಲಿ 500 ಎಂಬಿ, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಬೋರ್ಡಿಗೆ ದಶಕಗಳು. ಮುಂಬೈ ವಲಯವನ್ನು ಆರಿಸಿಕೊಳ್ಳಬಹುದು.

ಟೇಬಲ್ಲಿನಲ್ಲಿ ಬೋರ್ಡಿನ ಹೆಸರು ಮತ್ತು ಸಮಯ ಎರಡನ್ನೂ ಸೇರಿಸಿ ಯುನೀಕ್ (ಎರಡನೆಯ ಪ್ರತಿ ಬಾರದಂತೆ) ಎಂದು ಕಟ್ಟಿಹಾಕಿ. ಅದೇ ಸಾಲು ಎರಡನೆಯ ಸಲ ಬಂದರೆ ಸರ್ವರ್ 409 ಎನ್ನುತ್ತದೆ. ಹೊಸಬರು ಅದನ್ನು ದೋಷವೆಂದು ತಿಳಿದು ಮತ್ತೆ ಮತ್ತೆ ಕಳಿಸುತ್ತ ಕೂರುತ್ತಾರೆ. 409 ಎಂದರೆ ಸಾಲು ಮೊದಲೇ ತಲುಪಿದೆ. ಬೋರ್ಡ್ ಅದನ್ನು ಬಾಕಿಯಿಂದ ಅಳಿಸಿ ಮುಂದೆ ಹೋಗಬೇಕು. ಒಟ್ಟಿಗೆ ಐವತ್ತು ಸಾಲು ಕಳಿಸಿದಾಗ ಒಂದು ಹಳೆಯದಿದ್ದರೂ ಐವತ್ತೂ ತಿರಸ್ಕಾರವಾಗುತ್ತವೆ. ಆದ್ದರಿಂದ ಬಾಕಿಯನ್ನು ಒಂದೊಂದಾಗಿ ಕಳಿಸಿ, ಇಲ್ಲವೇ ಡೇಟಾಬೇಸ್‌ನೊಳಗೆ ಒಂದು ಫಂಕ್ಷನ್ ಬರೆದು ಅದನ್ನು ಕರೆಯಿರಿ.

ಯಾರು ಯಾವ ಸಾಲು ಮುಟ್ಟಬಹುದೆಂದು ನಿರ್ಧರಿಸುವ ರೋ ಲೆವೆಲ್ ಸೆಕ್ಯುರಿಟಿ ಆನ್ ಇದೆಯೇ ಎಂದು ಕಣ್ಣಾರೆ ನೋಡಿ. ಬೋರ್ಡಿನೊಳಗಿನ ಸಾರ್ವಜನಿಕ ಕೀಲಿಗೆ ಸೇರಿಸುವ ಅನುಮತಿ ಮಾತ್ರ ಕೊಡಿ. ಓದುವುದು, ಅಳಿಸುವುದು ಬೇಡ. ಹೀಗೆ ಮಾಡಿದ ಮೇಲೆ ಉತ್ತರದಲ್ಲಿ ಸಾಲನ್ನು ವಾಪಸ್ ಕೇಳುವ ಹೆಡರ್ ಇದ್ದರೆ ಅನುಮತಿ ದೋಷ ಬರುತ್ತದೆ, ಯಾಕೆಂದರೆ ವಾಪಸ್ ಕೊಡಲು ಓದುವ ಹಕ್ಕು ಬೇಕು. ‘ರಿಟರ್ನ್ ಮಿನಿಮಲ್’ ಎಂದು ಕೇಳಿದರೆ ಸರಿಹೋಗುತ್ತದೆ. ಈ ನಿಯಮಗಳನ್ನೆಲ್ಲ ದಾಟುವ ಸರ್ವಿಸ್ ರೋಲ್ ಕೀಲಿಯನ್ನು ಯಾವ ಕಾರಣಕ್ಕೂ ಬೋರ್ಡಿಗೆ ಹಾಕಬೇಡಿ. ಬೋರ್ಡ್ ಕದ್ದವನಿಗೆ ಫ್ಲ್ಯಾಶ್ ಓದುವುದು ಹತ್ತು ನಿಮಿಷದ ಕೆಲಸ, ಆ ಕೀಲಿಯಿಂದ ಇಡೀ ಡೇಟಾಬೇಸ್ ಅವನದಾಗುತ್ತದೆ.

ಮೌನ ಹಿಡಿಯಲು ಪಿಜಿ ಕ್ರಾನ್ ಎಂಬ ಎಕ್ಸ್‌ಟೆನ್ಷನ್ ಇದೆ. ಡೇಟಾಬೇಸೇ ಹತ್ತು ನಿಮಿಷಕ್ಕೊಮ್ಮೆ ಎದ್ದು ನೋಡಿ ಟೆಲಿಗ್ರಾಂಗೆ ತಿಳಿಸುತ್ತದೆ. ಒಂದು ಕೊರತೆ ಮಾತ್ರ ಗಂಭೀರ: ಒಂದು ವಾರ ಬಳಕೆ ಇಲ್ಲದಿದ್ದರೆ ಉಚಿತ ಪ್ರಾಜೆಕ್ಟ್ ಅಮಾನತಿಗೆ ಹೋಗುತ್ತದೆ. ಬೋರ್ಡ್ ಓಡುತ್ತಿರುವಾಗ ತೊಂದರೆ ಇಲ್ಲ. ಮಳೆಗಾಲದಲ್ಲಿ ಮೋಟರಿಗೆ ಕೆಲಸವಿಲ್ಲವೆಂದು ಬೋರ್ಡ್ ಬಿಚ್ಚಿಟ್ಟು, ಮಳೆ ಮುಗಿದ ಮೇಲೆ ಮತ್ತೆ ಹಾಕುವವರು ಮೊದಲು ಡ್ಯಾಶ್‌ಬೋರ್ಡಿಗೆ ಹೋಗಿ ಪ್ರಾಜೆಕ್ಟನ್ನು ಎಬ್ಬಿಸಬೇಕು; ಅಮಾನತಾಗಿ 90 ದಿನ ದಾಟಿದ್ದರೆ ಅಲ್ಲಿಂದ ಎಬ್ಬಿಸಲಾಗುವುದಿಲ್ಲ.

*ಇನ್‌ಫ್ಲಕ್ಸ್‌ಡಿಬಿ ಕ್ಲೌಡ್.* ಸಮಯದ ಜೊತೆ ಸಾಗುವ ಅಂಕಿಗಳಿಗೆಂದೇ ಮಾಡಿದ ಡೇಟಾಬೇಸ್. ಒಂದು ಸಾಲಿನ ಪಠ್ಯ ಕಳಿಸಿದರೆ ಸಾಕು. ಅದೇ ಹೆಸರು, ಅದೇ ಸಮಯದ ಸಾಲು ಮತ್ತೆ ಬಂದರೆ ಹಳೆಯದರ ಮೇಲೇ ಕೂರುತ್ತದೆ. ಗ್ರಾಫ್ ತೋರಿಸುವ ಗ್ರಾಫಾನಾ ಜೊತೆ ಸೇರಿಸಿದರೆ ಗ್ರಾಫ್ ಬಲು ಚೆಂದ. ಆದರೆ ಉಚಿತ ಖಾತೆಯಲ್ಲಿ 30 ದಿನ ದಾಟಿದ ಡೇಟಾ ಅಳಿಯುತ್ತದೆ. ಈ ಬೇಸಿಗೆಯನ್ನು ಹೋದ ಬೇಸಿಗೆಯ ಜೊತೆ ಹೋಲಿಸಬೇಕೆನ್ನುವ ರೈತನಿಗೆ ಅದು ಒಗ್ಗುವುದಿಲ್ಲ.

*ಎಂಕ್ಯೂಟಿಟಿ ಮತ್ತು ದೊಡ್ಡ ವ್ಯವಸ್ಥೆಗಳು.* ಎಂಕ್ಯೂಟಿಟಿ ಎಂಬುದು ಸಾಧನಗಳು ಸಣ್ಣ ಸಂದೇಶ ಕಳಿಸುವ ಪದ್ಧತಿ; ಅದರ ನಡುವಿನ ಸರ್ವರ್, ಅಂದರೆ ಬ್ರೋಕರ್, ಅಂಚೆಯವನಂತೆ. ತಂದು ಮುಟ್ಟಿಸುತ್ತಾನೆ, ಕಡತ ಇಡುವುದಿಲ್ಲ. ‘ರಿಟೇನ್’ ಮಾಡಿದರೂ ಉಳಿಯುವುದು ಕೊನೆಯ ಸಂದೇಶ ಒಂದೇ. ಹಿಂದಿನ ಲೆಕ್ಕ ಬೇಕೆಂದರೆ ಹಿಂದೆ ಒಂದು ಡೇಟಾಬೇಸ್ ಬೇಕೇ ಬೇಕು. ಅದರ ಹಿರಿಮೆ ಬೇರೆ: ‘ಲಾಸ್ಟ್ ವಿಲ್’. ಬೋರ್ಡ್ ಸಂಪರ್ಕ ಪಡೆಯುವಾಗಲೇ ‘ನಾನು ಕಾಣದಾದರೆ ಹೀಗೆಂದು ಹೇಳು’ ಎಂದು ಬ್ರೋಕರಿಗೆ ಒಪ್ಪಿಸಿರುತ್ತದೆ. ಕೀಪ್‌ಅಲೈವ್ (ಬದುಕಿದ್ದೇನೆಂದು ತಿಳಿಸುವ ಅಂತರ) 60 ಸೆಕೆಂಡ್ ಇಟ್ಟರೆ, ಒಂದೂವರೆ ಪಟ್ಟು ಕಾದು, 90 ಸೆಕೆಂಡಿನೊಳಗೆ ಸುದ್ದಿ ಬರುತ್ತದೆ. ಎರಡನೆಯ ಪ್ರಶ್ನೆಗೆ ಇದಕ್ಕಿಂತ ಚುರುಕಾದ ಉತ್ತರವಿಲ್ಲ. ಆರ್ಡುಯಿನೋದಲ್ಲಿ ಹೆಚ್ಚಿನವರು ಬಳಸುವ ಪಬ್‌ಸಬ್‌ಕ್ಲೈಂಟ್ ಲೈಬ್ರರಿಯಲ್ಲಿ ಬಫರ್ ಮೊದಲಿಗೆ 256 ಬೈಟ್ ಮಾತ್ರ. ಸಂದೇಶ ಅದಕ್ಕಿಂತ ಉದ್ದವಾದರೆ ಕಳಿಸದೆ ಸುಮ್ಮನಾಗುತ್ತದೆ, ಪಬ್ಲಿಷ್ ಫಂಕ್ಷನ್ ವಾಪಸ್ ಕೊಡುವ ‘ಫಾಲ್ಸ್’ ನೋಡಿದರಷ್ಟೇ ಗೊತ್ತಾಗುತ್ತದೆ.

ಹತ್ತಾರು ತೋಟಗಳಿಗೆ ಬೋರ್ಡ್ ಹಾಕಿಕೊಡುವ ಉದ್ಯೋಗ ಮಾಡುವವರಿಗೆ ಎಡಬ್ಲ್ಯೂಎಸ್ ಐಒಟಿ ಕೋರ್ ಇದೆ: ಬೋರ್ಡಿಗೊಂದು ಪ್ರಮಾಣಪತ್ರ, ಕಳುವಾದರೆ ಅದೊಂದನ್ನೇ ರದ್ದು ಮಾಡಬಹುದು. ಪಾಲಿಸಿಯಲ್ಲಿ ಬರೆದ ಕ್ಲೈಂಟ್ ಹೆಸರಿಗೂ ಕೋಡ್‌ನಲ್ಲಿರುವುದಕ್ಕೂ ಒಂದಕ್ಷರ ತಪ್ಪಿದರೂ ಕಾರಣ ಹೇಳದೆ ಸಂಪರ್ಕ ಕಡಿಯುತ್ತದೆ, ಮೊದಲು ಅಲ್ಲೇ ನೋಡಿ. ಇಷ್ಟೇ ದೊಡ್ಡದಾಗಿದ್ದ ಗೂಗಲ್ ಕ್ಲೌಡ್ ಐಒಟಿ ಕೋರ್ 2023ರ ಆಗಸ್ಟ್ 16ರಂದು ಮುಚ್ಚಿತು. ಅದಕ್ಕೇ, ಯಾವ ಸೇವೆ ಹಿಡಿದರೂ ಕಳಿಸುವ ಕೋಡನ್ನು ಒಂದೇ ಫಂಕ್ಷನ್ನಿನೊಳಗೆ ಇಡಿ, ಗಾಳಿಯಲ್ಲೇ ಹೊಸ ಕೋಡ್ ತುಂಬುವ ಒಟಿಎ ಸೌಲಭ್ಯವನ್ನು ಮೊದಲ ದಿನವೇ ಹಾಕಿ.

ಸಮಯ ಮತ್ತು ಬಾಕಿ ಸಾಲುಗಳು

ಸಾಲಿಗೆ ಸಮಯ ಹಾಕಬೇಕಾದ್ದು ಬೋರ್ಡ್, ಸರ್ವರ್ ಅಲ್ಲ. ಸರ್ವರ್ ಹಾಕಿದರೆ ರಾತ್ರಿಯಿಡೀ ಅಳೆದ ಬಾಕಿಯೆಲ್ಲ ಬೆಳಗ್ಗೆ ಏಳು ಗಂಟೆಯ ಲೆಕ್ಕಕ್ಕೆ ಬೀಳುತ್ತದೆ. ಎನ್‌ಟಿಪಿಯಿಂದ (ನೆಟ್‌ನ ಗಡಿಯಾರ ಸೇವೆ) ಸಮಯ ಪಡೆದು, ಡೇಟಾಬೇಸ್‌ನಲ್ಲಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲೇ ಇಟ್ಟು, ತೋರಿಸುವಾಗ 19,800 ಸೆಕೆಂಡ್, ಅಂದರೆ ಐದೂವರೆ ಗಂಟೆ ಕೂಡಿಸಿ.

ಕರೆಂಟ್ ಬಂದು ನೆಟ್ ಬಾರದ ಹೊತ್ತಿನಲ್ಲಿ ಬೋರ್ಡಿಗೆ ಗಂಟೆ ಎಷ್ಟೆಂದು ಗೊತ್ತಿರುವುದಿಲ್ಲ, 1970ರಿಂದ ಎಣಿಸತೊಡಗುತ್ತದೆ. ಅದಕ್ಕಾಗಿ ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿ. ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದಷ್ಟು ಸರಿಯುತ್ತದೆ. ನಮ್ಮಲ್ಲಿ ಸಿಗುವ ಝಡ್‌ಎಸ್-042 ಎಂಬ ನೀಲಿ ಮಾಡ್ಯೂಲಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಅದಕ್ಕೆ ಮಾಮೂಲಿ ಸಿಆರ್2032 ಬಟನ್ ಸೆಲ್ ಹಾಕಿ 5 ವೋಲ್ಟ್ ಕೊಟ್ಟರೆ, ಚಾರ್ಜ್ ಮಾಡಬಾರದ ಸೆಲ್ ಚಾರ್ಜ್ ಆಗಿ ಉಬ್ಬುತ್ತದೆ. 3.3 ವೋಲ್ಟ್ ಕೊಡಿ, ಸಾಧ್ಯವಾದರೆ ಆ ದಾರಿಯ ಸಣ್ಣ ಡಯೋಡನ್ನೂ ಬಿಚ್ಚಿ.

ಬಾಕಿ ಸಾಲುಗಳನ್ನು ರ‍್ಯಾಮ್‌ನಲ್ಲಿಟ್ಟರೆ ಕರೆಂಟ್ ಹೋದ ಕ್ಷಣ ಹೋದವು. ಲಿಟಲ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಬಳಸಿ, ಕರೆಂಟ್ ಹೋದರೂ ಉಳಿಯುವ ಫ್ಲ್ಯಾಶ್‌ನಲ್ಲಿ ಇಡಿ. ಸಾಲಿಗೆ 20 ಬೈಟ್ ಎಂದರೆ ದಿನಕ್ಕೆ 5,760 ಬೈಟ್. ಒಂದು ಎಂಬಿ ಬಿಟ್ಟುಕೊಟ್ಟರೆ ನೂರೆಪ್ಪತ್ತು ದಿನಕ್ಕೂ ಮೇಲೆ. ಫ್ಲ್ಯಾಶ್‌ನ ಒಂದು ಭಾಗವನ್ನು ಸುಮಾರು ಒಂದು ಲಕ್ಷ ಸಲ ಅಳಿಸಿ ಬರೆಯಬಹುದು. ಹಾಗಾಗಿ ಪ್ರತಿ ಅಳತೆಯನ್ನೂ ಅಲ್ಲಿ ಬರೆಯದೆ, ಕಳಿಸಲು ಆಗದೇ ಹೋದದ್ದನ್ನು ಮಾತ್ರ ಬರೆಯಿರಿ.

ಬೀಗದ ಮಾತು

ಎಚ್‌ಟಿಟಿಪಿಎಸ್ ಕೈಕೊಟ್ಟಾಗ ಸರ್ವರಿನ ಗುರುತು ಪರೀಕ್ಷಿಸದೆ ಒಪ್ಪಿಕೊಳ್ಳುವ ‘ಸೆಟ್‌ಇನ್‌ಸೆಕ್ಯೂರ್’ ಒಂದನ್ನು ಹಾಕಿ ಎಲ್ಲರೂ ಮುಂದೆ ಹೋಗುತ್ತಾರೆ. ಅಳತೆ ಕಳಿಸುವುದಷ್ಟೇ ಇದ್ದರೆ ಅಪಾಯ ಸಣ್ಣದು. ಮೋಟರ್ ಆನ್-ಆಫ್ ಮಾಡುವ ಆಜ್ಞೆ ಅದೇ ದಾರಿಯಲ್ಲಿ ಬರುವುದಾದರೆ ಖಂಡಿತ ಬೇಡ, ರೂಟ್ ಪ್ರಮಾಣಪತ್ರ ಹಾಕಿ. ಅದಕ್ಕೂ ಅವಧಿ ಇರುತ್ತದೆ: 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಬಳಸುತ್ತಿದ್ದ ಹಳೆಯ ರೂಟ್ ಮುಗಿದಾಗ ಎಷ್ಟೋ ಹಳೆಯ ಸಾಧನಗಳು ಒಮ್ಮೆಲೇ ಮಾತು ನಿಲ್ಲಿಸಿದವು. ಪರೀಕ್ಷೆಗೆ ಸರಿಯಾದ ಸಮಯವೂ ಬೇಕು. ಬೋರ್ಡಿನ ಗಡಿಯಾರ 1970ರಲ್ಲಿದ್ದರೆ ಸರಿಯಾದ ಪ್ರಮಾಣಪತ್ರವನ್ನೂ ಅದು ಒಪ್ಪುವುದಿಲ್ಲ.

ತೋಟಕ್ಕೆ ಒಯ್ಯುವ ಮೊದಲು

ಮನೆಯ ಮೇಜಿನ ಮೇಲೆ ಒಂದು ದಿನ ಓಡಿಸಿ. ಮಧ್ಯಾಹ್ನ ರೂಟರಿನ ಪ್ಲಗ್ ಕಿತ್ತು ಸರಿಯಾಗಿ ಎರಡು ಗಂಟೆ ಬಿಡಿ. ಮೂವತ್ತೈದು ನಿಮಿಷದೊಳಗೆ ಫೋನಿಗೆ ‘ಬೋರ್ಡ್ ಮಾತಾಡುತ್ತಿಲ್ಲ’ ಎಂಬ ಸಂದೇಶ ಬರಬೇಕು, ಫೋನ್ ಮೊಬೈಲ್ ಡೇಟಾದಲ್ಲಿರಲಿ. ಆ ಎರಡು ಗಂಟೆಯ ನಡುವೆ ಬೋರ್ಡಿನ ಕರೆಂಟನ್ನೂ ಒಮ್ಮೆ ತೆಗೆದು ತಕ್ಷಣ ಹಾಕಿ. ಆಮೇಲೆ ರೂಟರ್ ಚಾಲೂ ಮಾಡಿ ಹತ್ತು ನಿಮಿಷ ಕಾದು ಡೇಟಾಬೇಸ್ ತೆರೆದು ಆ ಎರಡು ಗಂಟೆಯ ಸಾಲುಗಳನ್ನು ಎಣಿಸಿ. 24 ಇರಬೇಕು. ಹತ್ತು ಹನ್ನೆರಡೇ ಇದ್ದರೆ ಬಾಕಿ ಇನ್ನೂ ರ‍್ಯಾಮ್‌ನಲ್ಲೇ ಇದೆ. 24ಕ್ಕಿಂತ ಹೆಚ್ಚಿದ್ದು ಸಮಯಗಳು ಜೋಡಿಜೋಡಿಯಾಗಿದ್ದರೆ ಯುನೀಕ್ ಕಟ್ಟಿಲ್ಲ. 24 ಇದ್ದೂ ಕೆಲವು 1970ರಲ್ಲಿ ಕೂತಿದ್ದರೆ ಗಡಿಯಾರದ ಮಾಡ್ಯೂಲಿನ ತಂತಿ ನೋಡಿ, ಎಸ್‌ಡಿಎ 21ಕ್ಕೆ, ಎಸ್‌ಸಿಎಲ್ 22ಕ್ಕೆ.